ಬೈಠಕಿನ ಬಾತ್ಮಿ



ಹುಬ್ಬಳ್ಳಿ-ಧಾರವಾಡಗಳ ಗಾಯನಕೀರ್ತಿಯನ್ನು ನಾನು ಹೊಸದಾಗಿ ಹೇಳಬೇಕಾಗಿಲ್ಲ. ಕುಂದಗೋಳದ ಸವಾಯಿ ಗಂಧರ್ವರು, ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ ಅವರು, ಮಲ್ಲಿಕಾರ್ಜುನ ಮನಸೂರರು, ಬಸವರಾಜ ರಾಜಗುರುಗಳು ಹಾಡಿದ ನೆಲವದು. ನನ್ನ ಪ್ರಶ್ನೆ ಬೇರೆಯದು: ಅವರ ಒಂದೊಂದು ಬೈಠಕಿನ ಲೆಕ್ಕವನ್ನು ಇಟ್ಟವರಾರು?

ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲು ಹಿಡಿಯುತ್ತಿದ್ದುದು ಸುಮಾರು ಮೂರು ಮಿನಿಟುಗಳ ಹಾಡನ್ನು ಮಾತ್ರ. ಧಾರವಾಡಕ್ಕೆ ಆಕಾಶವಾಣಿ ಬಂದುದು 1950ರ ಜನವರಿ 8ರಂದು. ಅದಕ್ಕೆ ಮೊದಲು ಪಡಸಾಲೆಗಳಲ್ಲಿಯೂ ನಾಟಕಗೃಹಗಳಲ್ಲಿಯೂ ನಡೆದ ಗಾಯನಕ್ಕೆ ಕೇಳುಗರ ನೆನಪೇ ಆಧಾರ, ಕೇಳುಗರಾದರೋ ತೀರಿಹೋದರು. ಪತ್ರಿಕೆಗಳು ಇರಲಿಲ್ಲವೆಂದಲ್ಲ. 1921ರಲ್ಲಿ ‘ಕರ್ಮವೀರ’ವೂ ಮರುವರ್ಷ ‘ಜಯಕರ್ನಾಟಕ’ವೂ ಧಾರವಾಡದಲ್ಲಿಯೇ ಹುಟ್ಟಿದ್ದವು. ಆದರೆ ಗಾಯನದ ಬಾತ್ಮಿಯೆಂದರೆ ಇಂದಿಗೂ ನಮಗೆ ರೂಢಿಯಾಗಿರುವ ರೀತಿ ಯಾವುದು? ಅಧ್ಯಕ್ಷರ ಭಾಷಣಕ್ಕೆ ಅರ್ಧ ಅಂಕಣ. ಗಾಯನಕ್ಕೆ “ಶ್ರೋತೃಗಳ ಮನ ಸೂರೆಗೊಂಡರು” ಎಂಬ ಒಂದೇ ಸಾಲು. ಯಾವ ರಾಗದಿಂದ ಸೂರೆಯಾಯಿತೆಂಬುದು ದೇವರಿಗೇ ಗೊತ್ತು!

ಮನಸೂರರು ಮೊದಲು ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯನ್ನು ಕಲಿತರು. ಆಮೇಲೆ ಮಂಜೀಖಾನರಲ್ಲಿಯೂ, 1937ರಲ್ಲಿ ಅವರು ತೀರಿಕೊಂಡ ತರುವಾಯ ಅವರ ತಮ್ಮ ಭೂರ್ಜಿಖಾನರಲ್ಲಿಯೂ ಜಯಪುರ-ಅತ್ರೌಲಿ ಗಾಯಕಿಯನ್ನು ಸಾಧಿಸಿದರು. ಒಂದು ಕಂಠವು ಒಂದು ಘರಾಣೆಯಿಂದ ಇನ್ನೊಂದಕ್ಕೆ ದಾಟಿದ ಆ ವರ್ಷಗಳಲ್ಲಿ ಯಾವ ಊರಿನಲ್ಲಿ ಯಾವ ರಾಗ, ಯಾವ ಚೀಜು, ಯಾವ ತಾಳ, ತಬಲಾಕ್ಕೆ ಯಾರು ಎಂದು ಪ್ರತಿ ಬೈಠಕಿಗೂ ನಾಲ್ಕು ಸಾಲು ಅಚ್ಚಾಗಿದ್ದರೆ ಆ ದಾಟನ್ನು ಹೆಜ್ಜೆಹೆಜ್ಜೆಗೂ ಕಾಣಬಹುದಾಗಿತ್ತು. ಅವರೇ ‘ನನ್ನ ರಸಯಾತ್ರೆ’ಯನ್ನು ಬರೆದುದು ನಮ್ಮ ಭಾಗ್ಯ, ಆದರೆ ಗಾಯಕನೇ ತನ್ನ ಬಾತ್ಮಿದಾರನೂ ಆಗಬೇಕೆನ್ನುವುದು ನ್ಯಾಯವೆ?

ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಧ್ವನಿಮುದ್ರಣದ ಯಂತ್ರವಿದೆಯಲ್ಲ ಎನ್ನಬಹುದು. ಅದು ದನಿಯನ್ನು ಹಿಡಿದೀತು. ಗಾಯಕರು ಆ ದಿನ ಶ್ರುತಿಯನ್ನು ಏಕೆ ಇಳಿಸಿಕೊಂಡರು, ಯಾರ ಕೋರಿಕೆಯಿಂದ ಆ ರಾಗ ಬಂದಿತು ಎಂಬುದನ್ನು ಹೇಳಲಾರದು.

ಹೆಸರಾದವರಿಗೆ ಪತ್ರಿಕೆಯ ಹಂಗಿಲ್ಲ. ಸಣ್ಣ ಸಭಾಗೃಹದಲ್ಲಿ ಮೊದಲ ಸಲ ಹಾಡುವ ತರುಣಿಗೆ ನಾಲ್ಕು ದಿನ ಮುಂಚೆ ಅಚ್ಚಾದ ಸೂಚನೆಯು ನಲವತ್ತು ಕೇಳುಗರನ್ನು ತಂದೀತು. ಮರುವಾರದ ವಿಮರ್ಶೆಯು ಇನ್ನೊಂದು ಊರಿನ ಆಮಂತ್ರಣವನ್ನು. ವಿಮರ್ಶೆಯೆಂದೆ, ಹೊಗಳಿಕೆಯೆನ್ನಲಿಲ್ಲ. ತಾನಗಳು ಲಯ ತಪ್ಪಿದರೆ ಹಾಗೆಯೇ ಬರೆಯಬೇಕು. ಎಲ್ಲರನ್ನೂ ಗಂಧರ್ವರೆನ್ನುವ ಪತ್ರಿಕೆಯ ಮಾತನ್ನು ನಂಬಿ ಯಾರೂ ಮನೆ ಬಿಟ್ಟು ಹೊರಡರು.

ಇದಕ್ಕಾಗಿ ಸಂಪಾದಕರು ಸಂಗೀತಪಂಡಿತರನ್ನು ನೇಮಿಸಬೇಕಾಗಿಲ್ಲ. ರಾಗವು ತಿಳಿಯದಿದ್ದರೆ ಬಾತ್ಮಿದಾರನು ಗಾಯಕರನ್ನೇ ಕೇಳಲಿ. ಪೇಟಿಯವರೂ ತಬಲದವರೂ ವಾದ್ಯಗಳನ್ನು ಕಟ್ಟಿಕೊಂಡು ಏಳುವುದರೊಳಗಾಗಿ ಅವರ ಹೆಸರುಗಳನ್ನೂ ಬರೆದುಕೊಳ್ಳಲಿ.