ಮಗುವಿನ ಮೊದಲ ಸಂಗೀತ ಯಂತ್ರ: ಒಡೆಯ ಯಾರು, ಆಳು ಯಾರು?

(ಗಿರಿನಗರದಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಹತ್ತನೆಯ ತರಗತಿ ಮುಗಿಸಿದ ಮಗನೋ ಮಗಳೋ ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದು ಬೇಡಿಕೆ ಮಂಡನೆಯಾಗುತ್ತದೆ: ದಾರಿಯಲ್ಲಿ ಹಾಡು ಕೇಳಲು ಏನಾದರೂ ಕೊಡಿಸಿ. ಗಿರಿನಗರದ ಸೀತಾ ಸರ್ಕಲ್‌ನಿಂದ ಬಸವನಗುಡಿಗೋ ಜಯನಗರಕ್ಕೋ ದಿನಾ ಬಸ್ಸಿನಲ್ಲಿ ಹೋಗಿ ಬರುವ ಮಕ್ಕಳ ಈ ಬೇಡಿಕೆ ಅನ್ಯಾಯದ್ದೇನಲ್ಲ. ಆದರೆ ನಾವು ಮಾಡುತ್ತಿರುವುದೇನು? ಒಂದು ಸ್ಮಾರ್ಟ್‌ಫೋನನ್ನು ಕೈಗಿತ್ತು ಹೊಣೆ ಮುಗಿಯಿತೆಂದು ಭಾವಿಸುತ್ತೇವೆ. ಮಗು ಕೇಳಿದ್ದು ಹಾಡು. ನಾವು ಕೊಟ್ಟದ್ದು ಇಡೀ ಸಂತೆ. ಆ ಸಂತೆಯಲ್ಲಿ ಹಾಡಿನ ಜೊತೆಗೆ ಜಾಹೀರಾತಿದೆ, ಆಟವಿದೆ, ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗುವ ವೀಡಿಯೋಗಳಿವೆ. ಹಾಡು ಎಲ್ಲೋ ಮೂಲೆಯಲ್ಲಿ ಉಳಿಯುತ್ತದೆ.

ಆದ್ದರಿಂದ ಮಗುವಿಗೆ ಮೊದಲ ಸಂಗೀತ ಯಂತ್ರವನ್ನು ಆರಿಸುವುದು ಬರೀ ಅಂಗಡಿಯ ವ್ಯವಹಾರವಲ್ಲ. ಅನೇಕ ಮಕ್ಕಳಿಗೆ ಅದು 'ಇದು ನನ್ನದು' ಎನ್ನಬಹುದಾದ ಮೊದಲ ಯಂತ್ರ. ಒಂದು ವಸ್ತುವಿಗೆ ಒಡೆಯನಾಗುವುದು ಹೇಗೆ, ಅದರ ಆಳಾಗದೆ ಉಳಿಯುವುದು ಹೇಗೆ ಎಂಬ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.

ಈ ಯಂತ್ರದ ಚರಿತ್ರೆಯನ್ನು ಸ್ವಲ್ಪ ನೋಡೋಣ. 1979ರ ಜುಲೈ 1ರಂದು ಜಪಾನಿನ ಸೋನಿ ಕಂಪೆನಿ ವಾಕ್‌ಮನ್ ಎಂಬ ಕಿರು ಕ್ಯಾಸೆಟ್ ಪ್ಲೇಯರನ್ನು ಮಾರುಕಟ್ಟೆಗೆ ತಂದಿತು. ಆ ಮೊದಲ ಮಾದರಿಯಲ್ಲಿ ಇಯರ್‌ಫೋನ್ ಸಿಕ್ಕಿಸಲು ಒಂದಲ್ಲ, ಎರಡು ತೂತುಗಳಿದ್ದವು. ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿಯಿತ್ತು. ಅದನ್ನು ಒತ್ತಿದರೆ ಹಾಡಿನ ಸದ್ದು ತಗ್ಗಿ, ಒಳಗಿದ್ದ ಮೈಕಿನ ಮೂಲಕ ಇಬ್ಬರೂ ಮಾತನಾಡಿಕೊಳ್ಳಬಹುದಾಗಿತ್ತು. ಪಕ್ಕದಲ್ಲಿ ಮನುಷ್ಯನಿರುವಾಗ ಒಬ್ಬನೇ ಕಿವಿ ಮುಚ್ಚಿಕೊಂಡು ಕೂರುವುದು ಸೌಜನ್ಯವಲ್ಲ ಎಂಬುದು ಕಂಪೆನಿಯ ಮುಖ್ಯಸ್ಥ ಅಕಿಯೋ ಮೊರಿಟಾ ಅವರ ಅಭಿಪ್ರಾಯವಾಗಿತ್ತು. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಮಾಯವಾಯಿತು. ಯಂತ್ರ ಉಳಿಯಿತು, ಯಂತ್ರಕ್ಕೆ ಕಲಿಸಿದ್ದ ಸಭ್ಯತೆ ಹೋಯಿತು.

ನಮ್ಮ ನಾಡಿನಲ್ಲಿ 1980ರ ದಶಕವೆಂದರೆ ಕ್ಯಾಸೆಟ್ಟಿನ ಕಾಲ. ಸಂಗೀತಾ, ಲಹರಿಯಂತಹ ಕಂಪೆನಿಗಳು ಭಾವಗೀತೆ, ಜನಪದ ಗೀತೆ, ಚಿತ್ರಗೀತೆಗಳನ್ನು ಮನೆಮನೆಗೆ ತಲುಪಿಸಿದವು. 1998ರಲ್ಲಿ ಎಂಪಿ3 ಪ್ಲೇಯರುಗಳು ಕಾಣಿಸಿಕೊಂಡವು. ಆಗಿನ ರಿಯೋ ಎಂಬ ಯಂತ್ರದ ಸಾಮರ್ಥ್ಯ 32 ಎಂಬಿ, ಅಂದರೆ ಸುಮಾರು ಅರ್ಧ ಗಂಟೆಯ ಹಾಡು. 2001ರ ಅಕ್ಟೋಬರಿನಲ್ಲಿ ಬಂದ ಆಪಲ್ ಕಂಪೆನಿಯ ಐಪಾಡ್ ಸಾವಿರ ಹಾಡುಗಳನ್ನು ಜೇಬಿಗಿಳಿಸಿತು. 2022ರ ಮೇ ತಿಂಗಳಲ್ಲಿ ಆ ಐಪಾಡಿನ ತಯಾರಿಕೆಯೂ ನಿಂತುಹೋಯಿತು. ಜನರು ಹಾಡು ಕೇಳುವುದನ್ನು ಬಿಟ್ಟರೆಂದು ಹೀಗಾದದ್ದಲ್ಲ. ಕೇಳುವ ಕೆಲಸವನ್ನು ಫೋನು ನುಂಗಿಕೊಂಡಿತು. ಒಂದೇ ಕೆಲಸ ಮಾಡುವ ಯಂತ್ರಕ್ಕೆ ಇಂದಿನ ಮಾರುಕಟ್ಟೆಯಲ್ಲಿ ಮರ್ಯಾದೆಯಿಲ್ಲ. ಏಕೆಂದರೆ ಅಂತಹ ಯಂತ್ರವನ್ನು ಒಮ್ಮೆ ಮಾರಿದರೆ ವ್ಯಾಪಾರ ಮುಗಿಯಿತು. ಮಗುವಿನ ಗಮನವನ್ನೇ ಪ್ರತಿದಿನ ಮಾರುವ ಯಂತ್ರದಲ್ಲಿ ವ್ಯಾಪಾರಕ್ಕೆ ಕೊನೆಯೇ ಇಲ್ಲ.

ಹಾಗಾದರೆ ಆರಿಸುವುದು ಹೇಗೆ? ಕೆಲವು ಪ್ರಶ್ನೆಗಳನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಮೊದಲನೆಯದು: ಅಂತರ್ಜಾಲವಿಲ್ಲದೆ, ಖಾತೆ ತೆರೆಯದೆ, ಹೆಸರು ವಿಳಾಸ ಕೊಡದೆ ಈ ಯಂತ್ರ ಹಾಡುತ್ತದೆಯೇ? ಹಾಡುವುದಾದರೆ ಅದು ನಮ್ಮ ಆಳು. ಇಲ್ಲವಾದರೆ ಅದರ ಒಡೆಯ ಬೇರೆಲ್ಲೋ ಕುಳಿತಿದ್ದಾನೆ.

ಎರಡನೆಯದು: ಅದರೊಳಗಿನ ಹಾಡು ನಿಜವಾಗಿ ನಮ್ಮದೇ? ಮೈಕ್ರೋಸಾಫ್ಟ್ ಕಂಪೆನಿ 2004ರಲ್ಲಿ 'ಪ್ಲೇಸ್ ಫಾರ್ ಶ್ಯೂರ್' ಎಂಬ ಗುರುತನ್ನು ಜಾರಿಗೆ ತಂದಿತು. 'ಖಂಡಿತ ಹಾಡುತ್ತದೆ' ಎಂದು ಅದರ ಅರ್ಥ. ಆ ಗುರುತಿನ ಬೀಗ ಹಾಕಿದ ಹಾಡುಗಳನ್ನು ಜನ ಹಣ ಕೊಟ್ಟು ಕೊಂಡರು. 2006ರಲ್ಲಿ ಅದೇ ಕಂಪೆನಿ ಹೊರತಂದ ಝೂನ್ ಎಂಬ ಪ್ಲೇಯರ್ ಆ ಹಾಡುಗಳನ್ನು ಹಾಡಲಿಲ್ಲ! ನಮ್ಮ ದೇಶದಲ್ಲಿಯೂ ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ ಸೇವೆ 2024ರಲ್ಲಿ ಬಾಗಿಲು ಮುಚ್ಚಿತು. ಅದೇ ವರ್ಷ ರೆಸ್ಸೋ ಕೂಡ ಭಾರತದಿಂದ ನಿರ್ಗಮಿಸಿತು. ತಿಂಗಳ ಚಂದಾ ಕಟ್ಟಿ ಕೇಳುವ ಹಾಡು ಬಾಡಿಗೆ ಮನೆಯಿದ್ದಂತೆ. ಬಾಡಿಗೆ ನಿಂತರೆ ಮನೆ ಬಿಡಬೇಕು. ಮನೆಯೊಡೆಯ ಮನೆ ಕೆಡವಿದರೂ ಬಿಡಬೇಕು. ಬೀಗವಿಲ್ಲದ ಎಂಪಿ3 ಕಡತ ಹಾಗಲ್ಲ. ಎಂಪಿ3ಯ ಪೇಟೆಂಟ್ ಪರವಾನಗಿ ವ್ಯವಸ್ಥೆಯೇ 2017ರಲ್ಲಿ ಕೊನೆಗೊಂಡಿತು. ಇಂದು ಅದು ಯಾರ ಅಪ್ಪಣೆಯನ್ನೂ ಕೇಳದೆ ಯಾವ ಯಂತ್ರದಲ್ಲಾದರೂ ಹಾಡುತ್ತದೆ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ಹಾಡು ನಮ್ಮದಾಗಬೇಕೆಂದರೆ ಅದು ನ್ಯಾಯವಾಗಿ ನಮ್ಮದಾಗಬೇಕು. ಫುಟ್‌ಪಾತಿನಲ್ಲಿ ನೂರಾರು ಹಾಡುಗಳ ನಕಲಿ ಸಿಡಿ ಕೊಂಡ ಕಾಲ ಹಿಂದಾಯಿತು. ಅಂಗಡಿಯವನು 'ಹಾಡು ತುಂಬಿಸಿ ಕೊಡುತ್ತೇನೆ' ಎಂದು ಮೆಮೊರಿ ಕಾರ್ಡ್ ಕೈಗಿಡುವ ಪದ್ಧತಿ ಮಾತ್ರ ಹೋಗಿಲ್ಲ. ಹಾಡಿದವನಿಗೆ, ಬರೆದವನಿಗೆ, ತಬಲಾ ನುಡಿಸಿದವನಿಗೆ ಅದರಿಂದ ಬಿಡಿಗಾಸೂ ಸಲ್ಲುವುದಿಲ್ಲ. ಪರೀಕ್ಷೆಯಲ್ಲಿ ನಕಲು ಮಾಡಬೇಡವೆಂದು ಮಗುವಿಗೆ ಉಪದೇಶಿಸುವ ನಾವು ಅದರ ಮೊದಲ ಯಂತ್ರವನ್ನೇ ಕದ್ದ ಮಾಲಿನಿಂದ ತುಂಬಿಸಿ ಕೊಟ್ಟರೆ ಆ ಉಪದೇಶಕ್ಕೆ ಏನು ಬೆಲೆ? ಮನೆಯ ಕಪಾಟಿನಲ್ಲಿರುವ ಸ್ವಂತ ಸಿಡಿಗಳಿಂದ ಆರಂಭಿಸಿರಿ. ಬೇಕಾದ ಹಾಡನ್ನು ಹಣ ಕೊಟ್ಟು ಪಡೆಯಿರಿ. ಹಾಡು ಕಡಿಮೆಯಾದರೆ ಆಗಲಿ. ಹತ್ತು ಹಾಡುಗಳನ್ನು ನೂರು ಬಾರಿ ಕೇಳಿದ ಕಿವಿಗೆ ಅವುಗಳ ಒಳಗು ತಿಳಿಯುತ್ತದೆ.

ಮೂರನೆಯ ಪ್ರಶ್ನೆ ಕಿವಿಯದು, ಇದೇ ಅತ್ಯಂತ ಗಂಭೀರವಾದುದು. 12ರಿಂದ 35 ವರ್ಷದೊಳಗಿನ 100 ಕೋಟಿಗೂ ಹೆಚ್ಚು ಜನರು ಜೋರು ಸದ್ದಿನ ಸಂಗೀತದಿಂದ ಶ್ರವಣಶಕ್ತಿ ಕಳೆದುಕೊಳ್ಳುವ ಅಪಾಯದಲ್ಲಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ಅದರ ಲೆಕ್ಕಾಚಾರ ಸರಳ. ವಯಸ್ಕರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. ಮಕ್ಕಳಿಗೆ ಆ ಮಿತಿ 75 ಡೆಸಿಬಲ್. ಸದ್ದು 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ. 90 ಡೆಸಿಬಲ್‌ಗೆ ಬರುವಾಗ ವಯಸ್ಕರಿಗೂ ವಾರಕ್ಕೆ ಉಳಿಯುವುದು ಕೇವಲ 4 ಗಂಟೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಆಗುವುದೇನು? ಇಂಜಿನ್ನು, ಹಾರ್ನುಗಳ ಗದ್ದಲವನ್ನು ಮೀರಿಸಲು ಮಗು ಸದ್ದನ್ನು ಏರಿಸುತ್ತಾ ಹೋಗುತ್ತದೆ. ಆದ್ದರಿಂದ ಸದ್ದಿನ ಮಿತಿಯನ್ನು ನಿಗದಿಗೊಳಿಸಬಹುದಾದ ಪ್ಲೇಯರನ್ನೇ ಆರಿಸಿರಿ. ಹೊರಗಿನ ಗದ್ದಲವನ್ನು ತಡೆಯುವ, ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನ್ ಇದ್ದರೆ ಕಡಿಮೆ ಸದ್ದಿನಲ್ಲಿಯೇ ಹಾಡು ಸ್ಪಷ್ಟವಾಗಿ ಕೇಳುತ್ತದೆ. ಆದರೆ ಇದು ಬಸ್ಸಿನೊಳಗೆ ಕುಳಿತಾಗ ಮಾತ್ರ. ರಸ್ತೆ ದಾಟುವಾಗ, ಸೈಕಲ್ ತುಳಿಯುವಾಗ ಎರಡು ಕಿವಿಗಳೂ ರಸ್ತೆಗೆ ಸೇರಿದವು. ಈ ನಿಯಮದಲ್ಲಿ ರಿಯಾಯಿತಿ ಬೇಡ.

ನಾಲ್ಕನೆಯದು, ಪಕ್ಕದವನ ಹಕ್ಕು. ಬಸ್ಸುಗಳಲ್ಲಿ ಮೊಬೈಲ್ ಸ್ಪೀಕರಿನಿಂದ ಜೋರಾಗಿ ಹಾಡು ಹಾಕುವುದನ್ನು ನಮ್ಮ ರಾಜ್ಯ ರಸ್ತೆ ಸಾರಿಗೆ ನಿಗಮ 2021ರ ನವೆಂಬರಿನಲ್ಲಿ ನಿಷೇಧಿಸಬೇಕಾಯಿತು. ಸಹಪ್ರಯಾಣಿಕನ ನೆಮ್ಮದಿಯನ್ನು ಗೌರವಿಸಲು ನಮಗೆ ಆದೇಶ ಬೇಕಾಯಿತೆಂಬುದೇ ನಾಚಿಕೆಯ ವಿಷಯ. ಮೊದಲ ಪ್ಲೇಯರಿಗೆ ಹೊರ ಸ್ಪೀಕರ್ ಇಲ್ಲದಿದ್ದರೆ ಅದನ್ನು ಕೊರತೆಯೆಂದು ಎಣಿಸಬೇಡಿರಿ.

ಇನ್ನು ಅಂಗಡಿಯ ಮಾತು. ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಮನೆಗೆ ತರಿಸಿಕೊಂಡರೂ ಪರೀಕ್ಷೆ ಒಂದೇ. ದೊಡ್ಡ ಸಂಖ್ಯೆಗಳಿಗೆ ಮರುಳಾಗಬೇಡಿರಿ. ಸಾಮಾನ್ಯ ಗುಣಮಟ್ಟದ ಎಂಪಿ3ಗೆ ನಿಮಿಷಕ್ಕೆ ಸುಮಾರು 1 ಎಂಬಿ ಸಾಕು. 16 ಜಿಬಿಯಲ್ಲಿ ಐದು ನಿಮಿಷದ ಸುಮಾರು 3,000 ಹಾಡುಗಳು ಹಿಡಿಯುತ್ತವೆ. ವಿದ್ಯಾರ್ಥಿಯೊಬ್ಬನಿಗೆ ಅದು ಧಾರಾಳವಾಯಿತು. ಮೆಮೊರಿ ಕಾರ್ಡುಗಳಲ್ಲಿ ನಕಲಿ ಬಹಳ. ಮೇಲೆ ಬರೆದ ಸಾಮರ್ಥ್ಯ ಒಂದು, ಒಳಗಿನದು ಇನ್ನೊಂದು. ಕೊಂಡ ದಿನವೇ ಪೂರ್ತಿ ತುಂಬಿಸಿ, ಕೊನೆಯ ಕಡತವೂ ಹಾಡುತ್ತದೆಯೇ ಎಂದು ನೋಡಿರಿ. ಜೇಬಿನಲ್ಲಿಯೇ ಬೆರಳಿಂದ ತಡಕಿ ಒತ್ತಬಹುದಾದ ಗುಂಡಿಗಳಿರಲಿ. ಪರದೆಯನ್ನು ನೋಡುವ ಅಗತ್ಯ ಕಡಿಮೆಯಾದಷ್ಟೂ ಒಳ್ಳೆಯದು. ಸಾಧಾರಣ ಇಯರ್‌ಫೋನ್ ಸಿಕ್ಕಿಸುವ ತೂತು ಇರಲೇಬೇಕು. ಬ್ಯಾಟರಿ ಎರಡು ಮೂರು ವರ್ಷಗಳಲ್ಲಿ ಸೊರಗುವುದು ಸಹಜ, ಅದನ್ನು ಬದಲಿಸಿಕೊಡಲು ಸಾಧ್ಯವೇ ಎಂದು ಕೊಳ್ಳುವ ಮೊದಲೇ ಕೇಳಿರಿ.

ಎಫ್.ಎಂ. ಬಾನುಲಿಯಿದ್ದರೆ ಇನ್ನೂ ಉತ್ತಮ. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿಯೇ. ಈ ನಗರದ ಮೊದಲ ಸಮುದಾಯ ಬಾನುಲಿ 'ರೇಡಿಯೋ ಆಕ್ಟಿವ್' 2007ರಲ್ಲಿ ಹುಟ್ಟಿದ್ದು ನಮ್ಮ ನೆರೆಯ ಜಯನಗರದಲ್ಲಿ. ಒಂದು ವಿಷಯ ನೆನಪಿರಲಿ: ಇಂತಹ ಪುಟ್ಟ ಯಂತ್ರಗಳಲ್ಲಿ ಸಾಮಾನ್ಯವಾಗಿ ಇಯರ್‌ಫೋನಿನ ತಂತಿಯೇ ಆಂಟೆನಾ. ತಂತಿಯಿಲ್ಲದ ಇಯರ್‌ಫೋನ್ ಹಾಕಿಕೊಂಡರೆ ಬಾನುಲಿ ಹಿಡಿಯುವುದಿಲ್ಲ.

ದೃಷ್ಟಿಹೀನ ಮಕ್ಕಳ ಅಗತ್ಯವನ್ನು ಇಂತಹ ಚರ್ಚೆಗಳಲ್ಲಿ ನಾವು ಮರೆತೇಬಿಡುತ್ತೇವೆ. ಅವರಿಗೆ ಪ್ಲೇಯರ್ ಎಂದರೆ ಮನರಂಜನೆಯಲ್ಲ, ಪಠ್ಯಪುಸ್ತಕ. ಡೈಸಿ ಎಂಬ ಧ್ವನಿಪುಸ್ತಕ ಮಾದರಿಯಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ, ಪುಟದಿಂದ ಪುಟಕ್ಕೆ ನೆಗೆಯಬಹುದು. ಸಾಮಾನ್ಯ ಎಂಪಿ3 ಪ್ಲೇಯರಿನಲ್ಲಿ ಈ ಸೌಲಭ್ಯವಿಲ್ಲ. ಬೆಂಗಳೂರಿನ ಮಿತ್ರಜ್ಯೋತಿ ಸಂಸ್ಥೆ ಇಂತಹವರಿಗಾಗಿಯೇ ಧ್ವನಿಪುಸ್ತಕಗಳ ಗ್ರಂಥಾಲಯವನ್ನು ಕಟ್ಟಿದೆ. ತಮ್ಮ ಬೀದಿಯಲ್ಲಿ ಅಂತಹ ಮಗುವಿದ್ದರೆ, ತಮ್ಮ ಮಗುವಿಗೆ ಕೊಳ್ಳುವಾಗ ಆ ಮಗುವಿನ ಬಗ್ಗೆಯೂ ವಿಚಾರಿಸಿರಿ.

'ಫೋನಿನಲ್ಲೇ ಎಲ್ಲ ಇರುವಾಗ ಇನ್ನೊಂದು ಯಂತ್ರಕ್ಕೆ ಖರ್ಚೇಕೆ? ಇದೂ ಕೊಳ್ಳುಬಾಕತನವೇ ಅಲ್ಲವೇ?' ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೈ ಬಿಗಿಯಿರುವ ಮನೆಯವರು ಹೊಸದನ್ನು ಕೊಳ್ಳಬೇಕೆಂದು ನಾವು ಹೇಳುವುದಿಲ್ಲ. ಕಪಾಟಿನಲ್ಲಿ ಬಿದ್ದಿರುವ ಹಳೆಯ ಫೋನಿನಿಂದ ಸಿಮ್ ತೆಗೆಯಿರಿ, ಅದರಲ್ಲಿರುವುದನ್ನೆಲ್ಲ ಅಳಿಸಿರಿ, ವೈಫೈ ಆರಿಸಿಡಿರಿ, ಹಾಡುಗಳನ್ನು ಮಾತ್ರ ತುಂಬಿಸಿರಿ. ಅದೇ ಒಂದು ಉತ್ತಮ ಪ್ಲೇಯರ್. ಕಸಕ್ಕೆ ಸೇರಬೇಕಾದ ವಸ್ತುವೊಂದು ಬಳಕೆಗೂ ಬಂದೀತು. ಮುಖ್ಯವಾದದ್ದು ಬ್ರಾಂಡ್ ಅಲ್ಲ. ಆ ಯಂತ್ರ ಹಾಡಿನ ಹೊರತು ಮಗುವಿನಿಂದ ಬೇರೇನನ್ನೂ ಕೇಳದಿರುವುದು.

ಮಿತ್ರರೇ, ಏನನ್ನು ಕೇಳಬೇಕೆಂಬ ವಿಷಯದಲ್ಲಿ ಮನೆಯಿಂದ ಮನೆಗೆ ಭಿನ್ನಾಭಿಪ್ರಾಯವಿರುತ್ತದೆ. ಒಂದು ಮನೆಯಲ್ಲಿ ದಾಸರ ಪದ, ಇನ್ನೊಂದರಲ್ಲಿ ಕುರ್‌ಆನ್ ಪಾರಾಯಣ, ಮತ್ತೊಂದರಲ್ಲಿ ಚಿತ್ರಗೀತೆ. ಅದನ್ನು ಆಯಾ ಮನೆಯವರು ಮಕ್ಕಳೊಂದಿಗೆ ಕುಳಿತು ಮಾತನಾಡಿ ತೀರ್ಮಾನಿಸಲಿ. ಆದರೆ ಎಲ್ಲ ಮನೆಗಳಿಗೂ ಸಲ್ಲುವ ಒಂದು ಸಲಹೆಯಿದೆ. ಯಂತ್ರವನ್ನು ಮಗುವಿನ ಕೈಗಿಡುವ ಮೊದಲು ಅದರಲ್ಲಿ ಅಜ್ಜಿಯ ಒಂದು ಕತೆಯನ್ನೋ ಜೋಗುಳವನ್ನೋ ಅಜ್ಜನ ನಾಲ್ಕು ಮಾತುಗಳನ್ನೋ ಧ್ವನಿಮುದ್ರಿಸಿ ಸೇರಿಸಿರಿ. ಸಾವಿರ ಹಾಡುಗಳನ್ನು ಅಂಗಡಿಯಲ್ಲಿ ಕೊಳ್ಳಬಹುದು. ಆ ಒಂದು ಧ್ವನಿಯನ್ನು ಯಾವ ಕಂಪೆನಿಯೂ ಮಾರುವುದಿಲ್ಲ, ಯಾವ ಕಂಪೆನಿ ಮುಚ್ಚಿದರೂ ಅದು ಅಳಿಯುವುದಿಲ್ಲ. ಅದರ ಇನ್ನೊಂದು ಪ್ರತಿಯನ್ನು ಜೋಪಾನವಾಗಿ ತೆಗೆದಿಡುವ ಹೊಣೆ ಮಾತ್ರ ನಮ್ಮದು.