ಕಾಲೇಜಿನ ಬೋಧನೆಯೂ ತರಗತಿಯ ಶಿಸ್ತೂ



ಮಠವೂ ಪಾಠಶಾಲೆಯೂ ಈ ನಾಡಿನಲ್ಲಿ ಒಂದೇ ಮಾಡಿನ ಕೆಳಗೆ ಬೆಳೆದುವು. ಬಳ್ಳಿಗಾವೆಯ ಕೋಡಿಯಮಠದ 1162ನೆಯ ಇಸವಿಯ ಶಾಸನವು, ಅಲ್ಲಿ ವೇದ ವ್ಯಾಕರಣಗಳೂ ನಾನಾ ದರ್ಶನಗಳೂ ವ್ಯಾಖ್ಯಾನಗೊಳ್ಳುತ್ತಿದ್ದುವೆಂದೂ, ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುವೆಂದೂ ಸಾರುತ್ತದೆ. ಅನ್ನವಿಕ್ಕುವವನು ಹಸಿದವನ ಮುಖವನ್ನು ನೋಡುತ್ತಾನೆ. ವೈದ್ಯನು ನಾಡಿಯನ್ನು ಹಿಡಿಯುತ್ತಾನೆ. ವಿದ್ಯೆಯನ್ನೀಯುವವನಿಗೆ ಮಾತ್ರ ಈ ನಿಯಮವು ಬೇಡವೆ?

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸಕ್ಕೆ ತೊಡಗಿತು. ಶಿವಮೊಗ್ಗದಲ್ಲಿ 1940ರಲ್ಲಿ ಇಂಟರ್ಮೀಡಿಯೆಟ್ ಕಾಲೇಜು ಹುಟ್ಟಿ, ಮುಂದೆ ಸಹ್ಯಾದ್ರಿ ಕಾಲೇಜೆಂದು ಹೆಸರಾಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ನೆಲೆಗೊಂಡಿತು. ಹೀಗೆ ಬಾಗಿಲುಗಳು ತೆರೆದುವು. ಅಡಕೆ ತೋಟದ ಕೂಲಿಯ ಮಗಳೂ, ಕಾರ್ಖಾನೆಯ ಕಾರ್ಮಿಕನ ಮಗನೂ ಒಂದೇ ಬೆಂಚಿನಲ್ಲಿ ಕುಳಿತರು. ತಂದೆಗೆ ಅನ್ನವಿತ್ತ ಕಾರ್ಖಾನೆಯು ಮಗನಿಗೂ ಕೆಲಸವನ್ನು ಕೊಡುವುದೆಂಬ ಭರವಸೆಯು ಭದ್ರಾವತಿಯಲ್ಲಿ ಈಗ ಉಳಿದಿಲ್ಲ. ಆದುದರಿಂದ ತರಗತಿಯ ಒಂದೊಂದು ಗಂಟೆಯೂ ಆ ಮನೆಯ ಪಾಲಿಗೆ ಬಂಡವಾಳವೇ ಸರಿ.

ಬಾಗಿಲು ತೆರೆದ ಮಾತ್ರಕ್ಕೆ ಒಳಗಣ ದೀಪವು ಹತ್ತುವುದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು ಬಂದವನು, ಇಂಗ್ಲಿಷಿನ ಉಪನ್ಯಾಸವನ್ನು ಕೇಳುತ್ತ ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕೂರುವನು. ಅಧ್ಯಾಪಕನು ಟಿಪ್ಪಣಿಯನ್ನು ಹೇಳಿ ಬರೆಯಿಸುವನು. ಗದ್ದಲವಿಲ್ಲದುದರಿಂದ ತರಗತಿಯು ಶಿಸ್ತಿನಲ್ಲಿದೆಯೆಂದು ಬಗೆಯುವನು. ಮೌನವು ಎರಡು ಬಗೆಯದು: ತಿಳಿದವನ ಮೌನ ಒಂದು, ಅಂಜಿದವನ ಮೌನ ಇನ್ನೊಂದು. ಇವೆರಡರ ಅಂತರವನ್ನು ಅರಿಯದ ಬೋಧನೆಯು ಬಂಡೆಯ ಮೇಲೆ ಸುರಿದ ಮಳೆಯಂತೆ ಹರಿದುಹೋಗುವುದು.

ಹಾಗಾದರೆ ಮಾರ್ಗವೇನು? ಮೊದಲನೆಯದು, ವಿದ್ಯಾರ್ಥಿಯ ಹೆಸರನ್ನು ಅರಿಯುವುದು. ಹಾಜರಿ ಪುಸ್ತಕದ ಸಂಖ್ಯೆಗೆ ಓಗೊಡುವವನು ಹೆಸರಿಗೆ ಎಚ್ಚರಗೊಳ್ಳುವನು. ಎರಡನೆಯದು, ಪಾಠವನ್ನು ಒಂದು ಪ್ರಶ್ನೆಯಿಂದ ತೊಡಗುವುದು. ಮೂರನೆಯದು, ನಡುನಡುವೆ ಮಾತನ್ನು ನಿಲ್ಲಿಸಿ, ಕೇಳಿದುದನ್ನು ಎರಡು ವಾಕ್ಯಗಳಲ್ಲಿ, ತಿಳಿದ ಭಾಷೆಯಲ್ಲಿ ಬರೆಯಹೇಳುವುದು. ಬರೆದುದನ್ನು ನೋಡಿದೊಡನೆ ಪಾಠವು ಎಲ್ಲಿ ಕುಂಟಿತೆಂಬುದು ಗುರುವಿಗೇ ತಿಳಿಯುವುದು. ಪ್ರಶ್ನೆಯನ್ನು ಕೇಳಿದ ಬಳಿಕ ತುಸು ಕಾದಿರಬೇಕು. ಮುಂದಿನ ಸಾಲಿನ ಚುರುಕಿನವನೇ ಎಲ್ಲಕ್ಕೂ ಉತ್ತರವೀಯುವಂತಾಗಬಾರದು. ಪರೀಕ್ಷೆಯ ಉತ್ತರಪತ್ರಿಕೆಗಳನ್ನು, ತಪ್ಪಿನ ಕಾರಣವನ್ನು ಬರೆದು ಬೇಗನೆ ಹಿಂದಿರುಗಿಸಬೇಕು.

ಶಿಸ್ತಾದರೂ ಗದರಿಕೆಯಿಂದ ಬರುವುದಲ್ಲ. ಗಂಟೆ ಬಾರಿಸುವಾಗ ಅಧ್ಯಾಪಕನೇ ಬಾಗಿಲಲ್ಲಿದ್ದರೆ ವಿದ್ಯಾರ್ಥಿಯು ತಡಮಾಡಲು ನಾಚುವನು. ನಿಯಮಗಳು ಕೆಲವೇ ಇರಲಿ. ಮೊದಲ ದಿನವೇ ತಿಳಿಯಲಿ. ಧನಿಕನ ಮಗನಿಗೂ ಬಡವನ ಮಗನಿಗೂ ಒಂದೇ ಆಗಿರಲಿ. ತಪ್ಪಿದವನನ್ನು ಸಭೆಯಲ್ಲಿ ಹಳಿಯದೆ, ಪ್ರತ್ಯೇಕವಾಗಿ ಕರೆದು ಕೇಳಬೇಕು. ಬಸ್ಸು ತಪ್ಪಿತೆ, ಬೆಳಗಿನ ದುಡಿಮೆಯೆ, ಮನೆಯಲ್ಲಿ ಕಾಯಿಲೆಯೆ ಎಂಬುದು ಆಗ ಹೊರಬೀಳುವುದು. ಅವಮಾನಗೊಂಡವನು ತೆಪ್ಪಗಾಗುವನೇ ಹೊರತು ಕಲಿಯುವವನಾಗನು.

ಈ ಜಿಲ್ಲೆಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪುರವರು ತಾರುಣ್ಯದಲ್ಲಿ ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆಯುತ್ತಿದ್ದರು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸರು ಅವನ್ನು ನೋಡಿ, ಕನ್ನಡದಲ್ಲಿ ಬರೆಯುವಂತೆ ಸಲಹೆಯಿತ್ತರು. ತರುಣನ ಬರಹವನ್ನು ನಿಜವಾಗಿ ನೋಡಿದವನು ಆಡಿದ ಒಂದು ಮಾತು ಎಷ್ಟು ದೂರ ನಡೆಯಿತು! ಅದೇ ಕವಿಯು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿದರು. ಗುರುವಿಗೆ ಇದಕ್ಕಿಂತ ಮಿಗಿಲಾದ ಸಂಬಳವುಂಟೆ?

ಎಲ್ಲ ಶಿಷ್ಯರೂ ಕವಿಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿದವನು ಒಂದು ದಿನ ಎದ್ದು ನಿಂತು "ಇದು ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ" ಎಂದು ಅಂಜದೆ ಕೇಳಿದರೆ, ಅಂದಿನ ಬೋಧನೆಯು ಸಾರ್ಥಕವಾಯಿತೆಂದು ಅಧ್ಯಾಪಕನು ತಿಳಿಯಬಹುದು. ವಿದ್ಯಾದಾನವನ್ನು ಕಾಯಕವೆಂದು ಕೈಕೊಂಡವರಿಗೆ ಆ ಭಾಗ್ಯವು ದೊರೆಯಲಿ.