ಹೊಸ ಡ್ರಿಲ್ ಬಂತು, ಬ್ಯಾಟರಿ ಎಲ್ಲಿ ಹೋಯ್ತು?

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿ ಕಡೆ ಇರೋ ನಮ್ಮ ಐಟಿ ಮಂದಿಗೆ ಇವತ್ತಿನ ಮಾತು. ವಿಷಯ ಕೇಳೋಕೆ ಚಿಕ್ಕದು. ಅಂಗಡಿಯಲ್ಲಿ ಒಂದು ಟೂಲ್ ಎಕ್ಸ್‌ಚೇಂಜ್ ಮಾಡಿಸ್ತೀರಿ, ಮನೆಗೆ ಬಂದು ಪೆಟ್ಟಿಗೆ ತೆಗೀತೀರಿ, ಒಳಗೆ ಇರಬೇಕಾದ ಸಾಮಾನು ಇಲ್ಲ. ಅಂಗಡಿಯವರು "ಎಲ್ಲಾ ಕೊಟ್ಟಿದ್ದೀವಿ" ಅಂತಾರೆ, ನೀವು "ಬಂದೇ ಇಲ್ಲ" ಅಂತೀರಿ. ಇಬ್ಬರೂ ಸುಳ್ಳು ಹೇಳ್ತಿಲ್ಲ ಅನ್ನೋದೇ ಇದರಲ್ಲಿರೋ ತಮಾಷೆ.

ಮೊದಲು ಡ್ರಿಲ್ ಬಗ್ಗೆ ಸ್ವಲ್ಪ ಹೇಳ್ತೀನಿ. ಗೊತ್ತಿದ್ದವರು ಸಹಿಸ್ಕೊಳ್ಳಿ.

ಕಾರ್ಡ್‌ಲೆಸ್ ಡ್ರಿಲ್ ಎರಡು ರೀತಿಯಲ್ಲಿ ಮಾರಾಟ ಆಗುತ್ತೆ. ಒಂದು ಕಿಟ್: ಮೆಷಿನ್, ಬ್ಯಾಟರಿ ಒಂದೋ ಎರಡೋ, ಚಾರ್ಜರ್, ಒಂದಿಷ್ಟು ಬಿಟ್, ಇವೆಲ್ಲ ಇಡೋಕೆ ಪ್ಲಾಸ್ಟಿಕ್ ಕೇಸ್. ಇನ್ನೊಂದಕ್ಕೆ ಪೆಟ್ಟಿಗೆ ಮೇಲೆ 'ಸೋಲೋ' ಅಥವಾ 'ಬೇರ್ ಟೂಲ್' ಅಂತ ಬರೆದಿರ್ತಾರೆ. ಅದರಲ್ಲಿ ಮೆಷಿನ್ ಮಾತ್ರ. ಅದೇ ಕಂಪನಿಯ ಬ್ಯಾಟರಿ ಆಗಲೇ ಮನೆಯಲ್ಲಿ ಇರೋರಿಗೆ ಅಂತ ಮಾಡಿದ್ದು. ಮೆಷಿನ್ ಎರಡರಲ್ಲೂ ಒಂದೇ, ಬಣ್ಣ ಒಂದೇ, ಮಾಡೆಲ್ ನಂಬರ್‌ನ ಮೊದಲ ಭಾಗವೂ ಸಾಮಾನ್ಯವಾಗಿ ಒಂದೇ. ವ್ಯತ್ಯಾಸ ಇರೋದು ಕೊನೆಯ ಒಂದೆರಡು ಅಕ್ಷರದಲ್ಲಿ, ಇಲ್ಲಾ ಉದ್ದ ಸಂಖ್ಯೆಯ ಕೊನೇ ಅಂಕಿಗಳಲ್ಲಿ. ಶನಿವಾರ ಸಂಜೆ ಕೌಂಟರ್ ಮುಂದೆ ಹದಿನೈದು ಜನ ನಿಂತಿರುವಾಗ ಆ ಅಕ್ಷರ ಯಾರ ಕಣ್ಣಿಗೆ ಬೀಳುತ್ತೆ ಹೇಳಿ.

ಬ್ಯಾಟರಿ ಅಂದ್ರೆ ಸಣ್ಣ ಆಕ್ಸೆಸರಿ ಅಂದುಕೋಬೇಡಿ. 18 ವೋಲ್ಟ್ ಬ್ಯಾಟರಿ ಒಳಗೆ 3.6 ವೋಲ್ಟಿನ ಐದು ಲಿಥಿಯಂ ಸೆಲ್ ಸಾಲಾಗಿ ಕೂತಿರ್ತಾವೆ. ದೊಡ್ಡ ಬ್ಯಾಟರಿ ಆದ್ರೆ ಹತ್ತು. ಕಿಟ್‌ನ ಬೆಲೆಯಲ್ಲಿ ದೊಡ್ಡ ಪಾಲು ಇದೇ. ಬ್ಯಾಟರಿ, ಚಾರ್ಜರ್ ಇಲ್ಲದ ಕಾರ್ಡ್‌ಲೆಸ್ ಡ್ರಿಲ್‌ನಿಂದ ಪರದೆಯ ರಾಡ್ ಕೂಡ ಹಾಕೋಕಾಗಲ್ಲ.

ನಮಗೆ ಪರಿಚಯದವರೊಬ್ಬರ ಪ್ರಸಂಗ ಹೇಳ್ತೀನಿ. ಗದಗ ಕಡೆಯವರು, ಡೊಂಬಿವಲಿ ಪೂರ್ವದಲ್ಲಿ ಬಾಡಿಗೆ ಮನೆ, ಐರೋಲಿಯಲ್ಲಿ ಕೆಲಸ. ನವಿ ಮುಂಬಯಿಯ ಒಂದು ದೊಡ್ಡ ಅಂಗಡಿಯಿಂದ ಕಿಟ್ ತಂದಿದ್ರು. ನಾಲ್ಕನೇ ದಿನಕ್ಕೇ ಬಿಟ್ ಹಿಡಿಯೋ ಚಕ್ ಸಡಿಲ ಆಗಿ ಅಲ್ಲಾಡೋಕೆ ಶುರುವಾಯ್ತು. ಶನಿವಾರ ಕೇಸ್ ಸಮೇತ ಹೊತ್ಕೊಂಡು ಹೋದ್ರು. ಕೌಂಟರ್‌ನಲ್ಲಿದ್ದ ಹುಡುಗ ಒಳ್ಳೆಯವನೇ. ಮೆಷಿನ್ ತಿರುಗಿಸಿ ನೋಡಿದ, "ಪೀಸ್ ಬದಲಾಯಿಸ್ತೀನಿ ಸರ್" ಅಂದ, ಒಳಗಿಂದ ಸೀಲ್ ಇದ್ದ ಪೆಟ್ಟಿಗೆ ತಂದ, ಹೊಸ ಬಿಲ್ ಹಾಕಿದ. ಐದು ನಿಮಿಷದ ಕೆಲಸ. ಇವರು ಖುಷಿಯಿಂದಲೇ ರೈಲು ಹತ್ತಿದ್ರು. ರಾತ್ರಿ ಮನೆಯಲ್ಲಿ ಪೆಟ್ಟಿಗೆ ತೆಗೆದ್ರೆ ಮೆಷಿನ್, ಒಂದು ಪುಸ್ತಕ. ಅಷ್ಟೇ.

ಮನೆಯವರು ಹೇಳಿದ್ದು, "ಆ ಹುಡುಗನೇ ತೆಗ್ದಿಟ್ಕೊಂಡಿರ್ತಾನ್ರೀ." ಇವರಿಗೂ ಹಾಗೇ ಅನ್ನಿಸ್ತು. ಭಾನುವಾರ ಫೋನ್ ಮಾಡಿದ್ರೆ ಅಂಗಡಿಯವರು ಬಿಲ್ ನೋಡಿ, "ನಿಮಗೆ ಕೊಟ್ಟಿರೋ ಐಟಂನಲ್ಲಿ ಬ್ಯಾಟರಿ ಬರೋದೇ ಇಲ್ಲ" ಅಂದ್ರು. ಅದೂ ನಿಜವೇ! ಬಿಲ್‌ನಲ್ಲಿ ಇದ್ದದ್ದು ಸೋಲೋ ಕೋಡ್.

ಆಗಿದ್ದೇನು ಅಂದ್ರೆ, ಆ ಹುಡುಗನ ತಲೆಯಲ್ಲಿ "ಕೆಟ್ಟಿರೋದು ಮೆಷಿನ್, ಮೆಷಿನ್ ಮಾತ್ರ ಬದಲಾಯಿಸೋಣ, ಬ್ಯಾಟರಿ ಚಾರ್ಜರ್ ಅವರ ಹತ್ರ ಇದ್ದೇ ಇದೆ" ಅಂತ ಇತ್ತು. ಇವರ ತಲೆಯಲ್ಲಿ "ಪೂರ್ತಿ ಕೇಸ್ ಕೊಟ್ಟೆ, ಪೂರ್ತಿ ಕೇಸ್ ಬರುತ್ತೆ" ಅಂತ ಇತ್ತು. ಬ್ಯಾಟರಿ, ಚಾರ್ಜರ್ ಎರಡೂ ಹಳೇ ಕೇಸ್ ಒಳಗೇ ಮಲಗಿದ್ವು. ಆ ಕೇಸ್ ಕಂಪನಿಗೆ ವಾಪಸ್ ಹೋಗೋ ಸಾಮಾನಿನ ರಾಶಿಯಲ್ಲಿ ಬಿದ್ದಿತ್ತು. ಕದ್ದವರು ಯಾರೂ ಇಲ್ಲ. ಒಂದು ವಾರ ಸುಮ್ಮನಿದ್ದಿದ್ರೆ ಆ ರಾಶಿ ಲಾರಿ ಹತ್ತಿ ಹೋಗ್ತಿತ್ತು. ಆಮೇಲೆ ಬ್ಯಾಟರಿ ಎಲ್ಲಿತ್ತು ಅಂತ ಯಾರೂ ತೋರಿಸೋಕಾಗ್ತಿರಲಿಲ್ಲ.

ನಾನು ಹೇಳಬೇಕು ಅಂತಿರೋದು ಇಷ್ಟೇ: ಇಂಥ ಜಗಳದಲ್ಲಿ ಮೊದಲು ಲೆಕ್ಕವನ್ನ ಹುಡುಕಿ. ಮನುಷ್ಯನ ಮೇಲೆ ಬೆರಳು ತೋರಿಸಿದ ತಕ್ಷಣ ಲೆಕ್ಕ ಮುಚ್ಚಿಹೋಗುತ್ತೆ. ಕೌಂಟರ್ ಹುಡುಗರಲ್ಲಿ ಬಹಳಷ್ಟು ಜನ ಗುತ್ತಿಗೆ ಮೇಲೆ ಇರೋರು. ಬ್ಯಾಟರಿ ಕಾಣೆಯಾದ ಹಣ ಅವನ ಸಂಬಳಕ್ಕೆ ಬರಬಹುದು, ಕೆಲಸಕ್ಕೇ ಬರಬಹುದು. 'ಕಳ್ಳ' ಅನ್ನೋ ಮಾತು ಕಿವಿಗೆ ಬಿದ್ದ ಮೇಲೆ ಅವನು ನಿಮಗೋಸ್ಕರ ಗೋಡೌನ್‌ಗೆ ಹೋಗಿ ಕೇಸ್ ತೆಗೆದು ನೋಡ್ತಾನಾ? ತನ್ನನ್ನ ಉಳಿಸ್ಕೊಳ್ಳೋ ಕೆಲಸದಲ್ಲಿ ಇರ್ತಾನೆ. ಮ್ಯಾನೇಜರ್ ಕೂಡ ಹಾಗೇ.

ನಾವು ಐಟಿಯವರು ದಿನಾ ಇದನ್ನೇ ಮಾಡ್ತೀವಲ್ವಾ. ಪ್ರೊಡಕ್ಷನ್‌ನಲ್ಲಿ ಡೇಟಾ ಕಾಣೆಯಾದ್ರೆ ಮೊದಲು ಲಾಗ್ ತೆಗೀತೀವಿ. ಅಂಗಡಿಗೂ ಲಾಗ್ ಇದೆ. ಒಂದು, ನಿಮ್ಮ ಮೊದಲ ಬಿಲ್. ಅದರಲ್ಲಿ ಕಿಟ್‌ನ ಕೋಡ್ ಇರುತ್ತೆ. ಎರಡು, ವಾಪಸ್ ತಗೊಂಡದ್ದರ ಕಾಗದ. ಜಿಎಸ್‌ಟಿ ನಿಯಮದ ಪ್ರಕಾರ ಮಾಲು ವಾಪಸ್ ಬಂದಾಗ ಹಾಕೋದು ಕ್ರೆಡಿಟ್ ನೋಟ್. ಕೆಲವರು ಬರೀ 'ಎಕ್ಸ್‌ಚೇಂಜ್' ಅಂತ ಸ್ಲಿಪ್ ಕೊಡ್ತಾರೆ. ಮೂರು, ಎರಡನೇ ಬಿಲ್. ನಾಲ್ಕನೆಯದು ನಿಮ್ಮ ಕೈಯಲ್ಲಿ ಇರಲ್ಲ, ಆದ್ರೆ ಅದೇ ಗಟ್ಟಿ: ಸ್ಟಾಕ್ ಲೆಕ್ಕ. ಕಿಟ್ ಒಂದು ಒಳಗೆ ಬಂದು, ಸೋಲೋ ಒಂದು ಹೊರಗೆ ಹೋಗಿ, ನಿಮ್ಮ ಕೈಗೆ ಹಣ ವಾಪಸ್ ಬಂದಿಲ್ಲ ಅಂದ್ರೆ ಲೆಕ್ಕ ಎಲ್ಲೋ ಕುಂಟ್ತಾ ಇದೆ ಅಂತ. ಕಿಟ್ ಬೆಲೆಗೂ ಸೋಲೋ ಬೆಲೆಗೂ ಇರೋ ವ್ಯತ್ಯಾಸ ಅವರ ಕಂಪ್ಯೂಟರ್‌ನಲ್ಲೇ ಕೂತಿರುತ್ತೆ.

ನಮ್ಮ ಗದಗದವರು ಸೋಮವಾರ ಆಫೀಸ್ ಬಿಟ್ಟ ಮೇಲೆ ಎರಡೂ ಬಿಲ್ ಪಕ್ಕಪಕ್ಕ ಇಟ್ಟು ಮ್ಯಾನೇಜರ್‌ಗೆ ಕೇಳಿದ್ದು ಒಂದೇ ಪ್ರಶ್ನೆ: "ನಾನು ಕೊಟ್ಟದ್ದು ಈ ಕೋಡ್, ನನಗೆ ಬಂದದ್ದು ಈ ಕೋಡ್. ಮಧ್ಯದ ವ್ಯತ್ಯಾಸ ಎಲ್ಲಿದೆ?" ಮ್ಯಾನೇಜರ್ ಎರಡು ಸಲ ಓದಿದ್ರು. ಹಳೇ ಕೇಸ್ ತರಿಸಿದ್ರು. ಒಳಗೆ ಎರಡೂ ಇದ್ವು. ಜೊತೆಗೆ ಇವರ ಮಗಳ ಪೆನ್ಸಿಲ್ ಕೂಡ ಇತ್ತಂತೆ, ಗೋಡೆಗೆ ಗುರುತು ಹಾಕೋಕೆ ಇಟ್ಕೊಂಡಿದ್ದು. ಅದಕ್ಕಿಂತ ಒಳ್ಳೇ ಸಾಕ್ಷಿ ಬೇಕಾ!

ಭಾಷೆ ಬಗ್ಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ಜನ "ಹೋಗ್ಲಿ ಬಿಡ್ರಿ" ಅಂತ ಸುಮ್ಮನಾಗೋದು ಹಣ ಹೆಚ್ಚಾಗಿ ಅಲ್ಲ. ಹಿಂದಿ ಅರ್ಧಂಬರ್ಧ, ಮರಾಠಿ ಕಿವಿಗೆ ಮಾತ್ರ, ಜಗಳಕ್ಕೆ ಬೇಕಾದಷ್ಟು ಇಲ್ಲ. ಮೇಲಿಂದ ಥಾಣೆಯಲ್ಲಿ ಇಳಿದು ಟ್ರಾನ್ಸ್‌ಹಾರ್ಬರ್ ಹಿಡಿದು ಮತ್ತೆ ಹೋಗೋ ತ್ರಾಸು. ಕಲ್ಯಾಣ್-ಶಿಳ್ ರಸ್ತೆಯಲ್ಲಿ ಗಾಡಿ ತಗೊಂಡು ಹೋಗೋದಂತೂ ಕೇಳಲೇಬೇಡಿ. ಆದ್ರೆ ಇದಕ್ಕೆ ಜಗಳದ ಭಾಷೆ ಬೇಕಾಗಿಲ್ಲ. "ದಾದಾ, ಜರಾ ಸ್ಟಾಕ್ ಚೆಕ್ ಕರಾ ನಾ" ಅಂದ್ರೆ ಮರಾಠಿಯಲ್ಲಿ ಸಾಕು. "ಜೋ ಮೈನೇ ದಿಯಾ ಥಾ, ವೋ ಬಾಕ್ಸ್ ಏಕ್ ಬಾರ್ ಖೋಲ್‌ಕೇ ದೇಖ್ ಲೀಜಿಯೆ" ಅಂದ್ರೆ ಹಿಂದಿಯಲ್ಲೂ ಕೆಲಸ ಆಗುತ್ತೆ. "ತುಮ್‌ನೇ ನಿಕಾಲಾ" ಅಂತ ಮಾತ್ರ ಶುರು ಮಾಡಬೇಡಿ.

ಇನ್ನು ಕೌಂಟರ್ ಬಿಡೋ ಮೊದಲು. ವಾಪಸ್ ಕೊಡೋ ಕೇಸ್ ತೆರೆದು ಒಂದು ಫೋಟೋ ತೆಗೀರಿ. ಬ್ಯಾಟರಿ ಮೇಲೂ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇಲ್ಲಾ ತಯಾರಿಕೆಯ ಕೋಡ್ ಇರುತ್ತೆ, ಅದು ಫೋಟೋದಲ್ಲಿ ಕಾಣಲಿ. ಹೊಸ ಪೆಟ್ಟಿಗೆಯನ್ನ ಅಲ್ಲೇ, ಅವರ ಮುಂದೇ ತೆಗೆಸಿ. "ಸೀಲ್ ಇದೆ ಸರ್" ಅಂತಾರೆ. ಸೀಲ್ ಇದ್ರೆ ಒಳಗೆ ಪೆಟ್ಟಿಗೆ ಹೇಳಿದ್ದೇ ಇರುತ್ತೆ, ಸರಿ. ಪೆಟ್ಟಿಗೆ ಏನು ಹೇಳುತ್ತೆ ಅಂತ ನೋಡಬೇಕಲ್ಲ.

ಪೆಟ್ಟಿಗೆ ಏನು ಹೇಳಬೇಕು ಅನ್ನೋದಕ್ಕೂ ಕಾನೂನಿದೆ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳು, ತೂಕ-ಅಳತೆ ಇಲಾಖೆಯವರು ನೋಡೋದು. ಒಂದು ಪೊಟ್ಟಣದಲ್ಲಿ ಒಂದಕ್ಕಿಂತ ಹೆಚ್ಚು ವಸ್ತು ಇದ್ರೆ ಪ್ರತಿಯೊಂದರ ಹೆಸರು ಮತ್ತು ಸಂಖ್ಯೆ ಹೊರಗೆ ಬರೆದಿರಬೇಕು. ಗರಿಷ್ಠ ಮಾರಾಟ ಬೆಲೆ ಜೊತೆಗೆ, ದೂರು ಕೊಡೋಕೆ ಸಂಪರ್ಕ ವಿವರವೂ ಇರಬೇಕು. ಅಂದ್ರೆ 'ಡ್ರಿಲ್ 1, ಬ್ಯಾಟರಿ 2, ಚಾರ್ಜರ್ 1' ಅನ್ನೋ ಪುಟ್ಟ ಸ್ಟಿಕ್ಕರ್ ನಿಮ್ಮ ಅತ್ಯಂತ ಒಳ್ಳೆಯ ದಾಖಲೆ. ಪೆಟ್ಟಿಗೆಯನ್ನ ರದ್ದಿಗೆ ಹಾಕೋ ಅವಸರ ಬೇಡ. ನಮ್ಮ ಒಂದು ಬೆಡ್‌ರೂಮ್ ಮನೆಗಳಲ್ಲಿ ಜಾಗ ಇಲ್ಲ ಅನ್ನೋದು ಗೊತ್ತು, ಮಾಳಿಗೆ ಮೇಲೆ ಒಂದು ತಿಂಗಳಾದ್ರೂ ಇರಲಿ.

ಮನೆಗೆ ಬಂದ ಮೇಲೆ ಗೊತ್ತಾದ್ರೆ ಅದೇ ರಾತ್ರಿ ಬರಹದಲ್ಲಿ ತಿಳಿಸಿ. ವಾಟ್ಸ್ಯಾಪ್ ಆದ್ರೂ ಸರಿ, ಇಮೇಲ್ ಆದ್ರೆ ಇನ್ನೂ ಒಳ್ಳೆಯದು. ಎರಡು ಬಿಲ್ ನಂಬರ್, ಎಕ್ಸ್‌ಚೇಂಜ್ ಆದ ಹೊತ್ತು, ಏನು ಕೊಟ್ಟಿರಿ, ಏನು ಬಂತು. ಕೊನೆಯಲ್ಲಿ ಎರಡು ಕೋರಿಕೆ: ಹಳೇ ಪೆಟ್ಟಿಗೆಯನ್ನ ಎಲ್ಲೂ ಕಳಿಸಬೇಡಿ, ಆ ಹೊತ್ತಿನ ಸಿಸಿಟಿವಿ ಉಳಿಸಿಡಿ. ಕ್ಯಾಮೆರಾ ಪೆಟ್ಟಿಗೆಗಳು ಹಳೇ ದೃಶ್ಯದ ಮೇಲೆ ಹೊಸದನ್ನ ಬರೀತಾ ಹೋಗ್ತಾವೆ. ಎರಡು ತಿಂಗಳು ಬಿಟ್ಟು ಕೇಳಿದ್ರೆ ಅವರ ಹತ್ರ ನಿಜವಾಗ್ಲೂ ಇಲ್ಲದಿರಬಹುದು.

ಒಂದು ಭೇದ ಮಾತ್ರ ಗಮನದಲ್ಲಿ ಇಟ್ಕೊಳ್ಳಿ. ಈ ಕಡೆಯ ಹೊಸ ಟವರ್‌ಗಳಲ್ಲಿ ಎಷ್ಟೋ ಕಡೆ ಗೋಡೆ ಪೂರ್ತಿ ಕಾಂಕ್ರೀಟ್, ಮಿವಾನ್ ಅಂತಾರಲ್ಲ ಅದು. ಸಣ್ಣ ಡ್ರಿಲ್ ಅದರ ಮೇಲೆ ಉಜ್ಜಿ ಉಜ್ಜಿ ಸುಸ್ತಾಗುತ್ತೆ. ಅದಕ್ಕೆ ರೋಟರಿ ಹ್ಯಾಮರ್ ಬೇಕು. "ಗೋಡೆ ಕೊರೀಲಿಲ್ಲ, ಬದಲಾಯಿಸಿ ಕೊಡಿ" ಅಂತ ಹೋದ್ರೆ ಅದು ಮೆಷಿನ್‌ನ ದೋಷ ಅಲ್ಲ. ಆಗ ಎಕ್ಸ್‌ಚೇಂಜ್ ಅನ್ನೋದು ಅಂಗಡಿಯವರ ಪಾಲಿಸಿ, ಅವರ ಮರ್ಜಿ. ಮಾಲಿನಲ್ಲೇ ದೋಷ ಇದ್ರೆ ಲೆಕ್ಕ ಬೇರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, 2020ರ ಜುಲೈನಿಂದ ಜಾರಿಯಲ್ಲಿರೋದು, ದೋಷದ ಮಾಲನ್ನ ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ ವಾಪಸ್ ತಗೊಂಡು ಹಣ ಕೊಡೋಕೆ ಒಪ್ಪದೇ ಇರೋದನ್ನ ಅನುಚಿತ ವ್ಯಾಪಾರ ಪದ್ಧತಿ ಅಂತ ಕರೆಯುತ್ತೆ. ಬಿಲ್‌ನಲ್ಲಿ ಅವಧಿ ಹೇಳಿಲ್ಲ ಅಂದ್ರೆ 30 ದಿನ. ಬಿಲ್ಲೇ ಕೊಡದಿರೋದೂ ಅದೇ ಪಟ್ಟಿಯಲ್ಲಿದೆ. ಎಕ್ಸ್‌ಚೇಂಜ್ ಆದಾಗ "ಹಳೇ ಬಿಲ್ಲೇ ನಡೆಯುತ್ತೆ ಸರ್" ಅಂತ ಬರಿಗೈಯಲ್ಲಿ ಕಳಿಸಿದ್ರೆ ಒಪ್ಪಬೇಡಿ. ಹೊಸ ಸೀರಿಯಲ್ ನಂಬರ್ ಕಾಗದದ ಮೇಲೆ ಬಂದಿಲ್ಲ ಅಂದ್ರೆ ನಾಳೆ ವಾರಂಟಿಗೂ ತೊಂದರೆ.

ಅಂಗಡಿಯವರು ಕೇಳಲೇ ಇಲ್ಲ ಅಂದ್ರೆ? 1915ಕ್ಕೆ ಫೋನ್ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕರೆ ಉಚಿತ. ಅಲ್ಲಿ 17 ಭಾಷೆ ಇವೆ, ಕನ್ನಡವೂ ಇದೆ. ಡೊಂಬಿವಲಿಯಲ್ಲಿ ಕೂತು ಕನ್ನಡದಲ್ಲೇ ದೂರು ಹೇಳಬಹುದು, ಇದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ಅವರು ತೀರ್ಪು ಕೊಡಲ್ಲ, ನಿಮ್ಮ ದೂರನ್ನ ಕಂಪನಿಗೆ ದಾಟಿಸಿ ಉತ್ತರ ಕೇಳ್ತಾರೆ. ಇಂಥ ಬ್ಯಾಟರಿ-ಚಾರ್ಜರ್ ವ್ಯವಹಾರಕ್ಕೆ ಮೊದಲು ಹಿಡಿಯಬೇಕಾದ ದಾರಿ ಇದೇ ಅಂತ ನನ್ನ ಅಭಿಪ್ರಾಯ. ಒಂದು ಚಾರ್ಜರ್‌ಗೋಸ್ಕರ ನೇರ ಆಯೋಗಕ್ಕೆ ಹೋಗೋದು ಸೊಳ್ಳೆ ಹೊಡೆಯೋಕೆ ಕೊಡಲಿ ಎತ್ತಿದ ಹಾಗೆ.

ಅದೂ ಆಗಲಿಲ್ಲ ಅಂದ್ರೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇದೆ. ಘಟನೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ರೆ ಶುಲ್ಕ ಇಲ್ಲ, ವಕೀಲರೇ ಬೇಕು ಅಂತಿಲ್ಲ, ಆನ್‌ಲೈನ್‌ನಲ್ಲಿ ಇ-ಜಾಗೃತಿ ಮೂಲಕ ಸಲ್ಲಿಸಬಹುದು. ನಮ್ಮಂಥ ವಲಸೆ ಬಂದವರಿಗೆ ಈ ಕಾಯ್ದೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ: ದೂರುದಾರ ವಾಸ ಇರೋ ಊರಲ್ಲಿ ಅಥವಾ ದುಡಿಯೋ ಊರಲ್ಲೂ ದೂರು ಕೊಡಬಹುದು. ಊರಿಗೆ ಹೋದಾಗ ಹುಬ್ಬಳ್ಳಿಯಲ್ಲಿ ತಗೊಂಡ ಮೆಷಿನ್ ಆದ್ರೂ ಕಲ್ಯಾಣ್‌ನಲ್ಲಿ ಇರೋರು ಥಾಣೆ ಜಿಲ್ಲೆಯಲ್ಲೇ ಕೇಸ್ ಹಾಕಬಹುದು. ಖಾರ್‌ಘರ್, ಕಾಮೋಠೆ, ಪನ್ವೇಲ್‌ನವರು ಮಾತ್ರ ಒಂದು ಗಮನಿಸಿ. ನೀವು ನವಿ ಮುಂಬಯಿ ಅಂತ ವಿಳಾಸ ಬರೆದ್ರೂ ನಿಮ್ಮ ಜಿಲ್ಲೆ ರಾಯ್‌ಗಢ, ಅದರ ಆಯೋಗ ಇರೋದು ಅಲಿಬಾಗ್‌ನಲ್ಲಿ. ಆದ್ರೆ ಐರೋಲಿಯಲ್ಲೋ ಮಹಾಪೆಯಲ್ಲೋ ಕೆಲಸ ಮಾಡ್ತಿದ್ರೆ, ದುಡಿಯೋ ಜಾಗದ ಲೆಕ್ಕದಲ್ಲಿ ಥಾಣೆ ಜಿಲ್ಲೆಯನ್ನೇ ಆರಿಸ್ಕೋಬಹುದು.

ಕೊನೆಗೆ ಒಬ್ಬರು ಕೇಳಿದ ಪ್ರಶ್ನೆ. "ಎಕ್ಸ್‌ಚೇಂಜ್ ಪೆಟ್ಟಿಗೆಯಲ್ಲಿ ಒಂದು ಬ್ಯಾಟರಿ ಹೆಚ್ಚಿಗೆ ಬಂದಿದೆ, ಏನು ಮಾಡ್ಲಿ?" ಬಿಲ್‌ನಲ್ಲಿ ಇಲ್ಲದ್ದು ನಿಮ್ಮದಲ್ಲ ರೀ. ಯಾರೋ ಇನ್ನೊಬ್ಬರು ಆ ಬ್ಯಾಟರಿಗೋಸ್ಕರ ಕೌಂಟರ್ ಹುಡುಗನ ಜೊತೆ ಜಗಳ ಆಡ್ತಿರಬಹುದು. ಅದರ ಸೀರಿಯಲ್ ನಂಬರ್ ಬರೆದು ಅಂಗಡಿಗೆ ಮೆಸೇಜ್ ಹಾಕಿ, ಮುಂದಿನ ಸಲ ಆ ಕಡೆ ಹೋದಾಗ ಕೊಟ್ಟು, ಕೊಟ್ಟದ್ದಕ್ಕೆ ಒಂದು ಸಹಿ ತಗೊಂಡು ಬನ್ನಿ.